ಎಲೆಬುಟ್ಟಿಯಲ್ಲಿದ್ದ ಎರಡನೆಯ ಸೀಸೆ

ನನ್ನ ಗಂಡ ನಿಯಾಜ ತೀರಿಕೊಂಡು ಮೂವತ್ತೆರಡು ದಿನವಾಗಿತ್ತು. ನಾನು ಇದ್ದತ್ತಿನಲ್ಲಿದ್ದೆ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಒಳಗೆ ಪರದೆಯ ಹಿಂದೆ ಕೂತಿದ್ದೆ. ಪಡಸಾಲೆಯ ಮಾತು ಕೇಳುತ್ತಿತ್ತು.

"ಏನ್ರಿ ಅಮ್ಮಾರ, ಔಷಧಾನೂ ಎಲಿ ಬುಟ್ಟ್ಯಾಗ ಇಟ್ಟೀರಲ್ಲ! ಸುಣ್ಣಾ ಹಚ್ಚಿ ಕೊಡ್ಲೇನು?"

ಕಂಪೌಂಡರ್ ಸುಭಾಸ. ಹತ್ತಿಮತ್ತೂರಿನವನು, ನಮ್ಮ ಓಣಿಗೆಲ್ಲ ಇಂಜೆಕ್ಷನ್ ಹಾಕುವವನು.

"ನಗಬ್ಯಾಡೋ. ತಂಪಿನ್ಯಾಗ ಇಡು ಅಂದಿದ್ದ ನಿಯಾಜ. ಸವಣೂರಾಗ ಎಲಿ ಬುಟ್ಟಿಗಿಂತ ತಂಪ ಯಾವುದೈತಿ? ದಿನಾ ಎರಡ ಸಲ ನೀರ ಚಿಮುಕ್ಸೇನಿ," ಎಂದರು ಅತ್ತೆ ಮುಮ್ತಾಜಬೇಗಂ. ನಮ್ಮದು ವೀಳ್ಯದೆಲೆಯ ವ್ಯಾಪಾರ. ಒದ್ದೆ ಗೋಣಿತಟ್ಟಿನಲ್ಲಿ ಎಲೆ ಬಾಡದಂತೆ ಇಡುವುದು ಅತ್ತೆಗೆ ಗೊತ್ತು.

"ಇಮ್ರಾನ, ಅಂಗಿ ತೋಳ ಮ್ಯಾಲ ಮಾಡಪಾ," ಎಂದ ಸುಭಾಸ.

ಇಮ್ರಾನ ನನ್ನ ಮೈದುನ. ಅಣ್ಣನ ಕಾಯಿಲೆ ಅವನಿಗೂ ಇದೆ. ಮೈಯಲ್ಲಿ ಒಂದು ಕಿಣ್ವ ತಯಾರಾಗುವುದಿಲ್ಲ. ಸ್ನಾಯುಗಳು ಸೋಲುತ್ತ ಬರುತ್ತವೆ, ಕೊನೆಗೆ ಉಸಿರಿನವೂ. ಇಮ್ರಾನ ಈಗಾಗಲೇ ಮೊಣಕಾಲಿಗೆ ಕೈ ಊರಿ ಮೆಟ್ಟಿಲು ಹತ್ತುತ್ತಾನೆ. ಇದಕ್ಕೆ ಔಷಧವಿದೆ, ನಮ್ಮ ಕೈಗೆ ಎಟುಕುವುದಲ್ಲ. ಹುಬ್ಬಳ್ಳಿಯ ವೈದ್ಯರು ಸರಕಾರಕ್ಕೆ ಬರೆದಿದ್ದರು. ಉತ್ತರ ಬಂದಿರಲಿಲ್ಲ.

ಹಾಗಾದರೆ ಇದು ಯಾವ ಔಷಧ?

ಪರದೆಯ ಸಂದಿಯಿಂದ ನೋಡಿದೆ. ಸುಭಾಸ ಸಿರಿಂಜು ತುಂಬಿಕೊಂಡಾಗಿತ್ತು. ಪಕ್ಕದಲ್ಲಿ ಕಿರುಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಸೀಸೆ, ಅದು ಬಂದ ಥರ್ಮೊಕೋಲ್ ಪೆಟ್ಟಿಗೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಇಂಥ ಸೀಸೆಗಳನ್ನು ಪ್ರಯೋಗಾಲಯದ ಫ್ರೀಜರಿನಿಂದ ನೂರು ಸಲ ತೆಗೆದಿದ್ದೆ.

ಪರದೆ ಸರಿಸಿ ಹೊರಗೆ ಬಂದೆ.

"ಯಾ ಅಲ್ಲಾ! ಒಳಗ ಹೋಗು ಫರ್ಹತ!" ಅತ್ತೆ ಕೂಗಿದರು. ಸುಭಾಸ ಗೋಡೆಗೆ ಮುಖ ತಿರುಗಿಸಿದ. ಸಿರಿಂಜು ಕೈಯಲ್ಲೇ ಇತ್ತು.

ಸೀಸೆ ಎತ್ತಿಕೊಂಡೆ. ಚೀಟಿ ನೀರಿಗೆ ಅರ್ಧ ಅಳಿಸಿತ್ತು. ಇಮ್ರಾನನ ಮೈಯಲ್ಲಿ ಇಲ್ಲದ ಅದೇ ಕಿಣ್ವ. ಮನುಷ್ಯರ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ ತಯಾರಿಸಿದ್ದು. ಕೆಳಗೆ ಸಣ್ಣಕ್ಷರದಲ್ಲಿ: ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಕೊಡಬಾರದು. ಮೈನಸ್ ಎಂಬತ್ತು ಡಿಗ್ರಿಯಲ್ಲಿ ಇಡಬೇಕು.

"ಇದು ಔಷಧ ಅಲ್ಲ. ಲ್ಯಾಬಿನ್ಯಾಗ ಪರೀಕ್ಷಾ ಮಾಡಾಕ ಇರೂದು. ಮೈಗೆ ಹಾಕೂವಂಗ ಶುದ್ಧ ಮಾಡಿರೂದಿಲ್ಲ. ಫ್ರೀಜರಿಲ್ದ ತಿಂಗಳ ಮ್ಯಾಲಾತು, ಕೆಟ್ಟೈತಿ. ಜೀವಾ ಹೋಗತೈತಿ."

"ಹಾಕ್ಸಿಕೊಳ್ಳಲಿಲ್ಲಂದ್ರೂ ಹೋಗತೈತಲ್ಲ ಭಾಭಿ," ಎಂದ ಇಮ್ರಾನ. ತೋಳು ಇಳಿಸಲಿಲ್ಲ.

"ನೀನ ಹೇಳಿದ್ದಿಯಲ್ಲ ನಿಯಾಜಗ," ಎಂದರು ಅತ್ತೆ. "ನಿನ್ನ ಮೈಯಾಗ ಇಲ್ಲದ್ದು ನಮ್ಮ ಕಾಲೇಜಿನ ಫ್ರೀಜಿನ್ಯಾಗ ಐತಿ ಅಂತ."

ಹೇಳಿದ್ದೆ. ಮದುವೆಯ ಹೊಸತರಲ್ಲಿ, ಸಮಾಧಾನಕ್ಕೆ.

ಪೆಟ್ಟಿಗೆ ನೋಡಿದೆ. ನನ್ನ ಹೆಸರು, ನನ್ನ ಪದವಿ, ಎಲ್ಲೂ ಇಲ್ಲದ ಒಂದು ಪ್ರಯೋಗಾಲಯ, ನಮ್ಮ ಅಂಗಡಿಯ ವಿಳಾಸ. ನಿಯಾಜ ನನ್ನ ಹೆಸರಿನಲ್ಲಿ ತರಿಸಿದ್ದ. ಒಳಗೆ ಸೀಸೆ ಕೂರುವ ಕುಳಿಗಳು ಎರಡು.

"ಇನ್ನೊಂದೆಲ್ಲೈತ್ರಿ?"

ಸುಭಾಸ ಗೋಡೆ ನೋಡುತ್ತಲೇ ಧೈರ್ಯ ಹೇಳಿದ. "ಅಂಜಬ್ಯಾಡ್ರಿ ಅಕ್ಕಾರ. ಒಂದ ನಿಯಾಜಣ್ಣಗ ನಾನ ಹಾಕೇನಿ, ಅಂಗಡ್ಯಾಗ. ಮೊದಲ ನನಗ ಹಾಕು, ಏನೂ ಆಗಲಿಲ್ಲಂದ್ರ ತಮ್ಮಗ ಹಾಕು ಅಂದ್ರು. ಅರ್ಧ ತಾಸು ಕುಂತು ನೋಡಿದ್ನಿ. ಏನೂ ಆಗಲಿಲ್ಲ."

"ಯಾವತ್ತು?"

"ಬುಧವಾರ, ಸಂಜಿಮುಂದ..."

ಸುಭಾಸ ಗೋಡೆಯಿಂದ ಮುಖ ತಿರುಗಿಸಿ ಕೈಯಲ್ಲಿದ್ದ ಸಿರಿಂಜು ನೋಡಿದ.

ನಿಯಾಜ ಹೋದದ್ದು ಗುರುವಾರ ನಸುಕಿನಲ್ಲಿ. ಕಾಯಿಲೆ ಬಲಿತಿತ್ತು ಎಂದು ಎಲ್ಲರೂ ನಂಬಿದ್ದೆವು. ಸುಭಾಸನೂ ನಂಬಿದ್ದ.

ಸಿರಿಂಜು ನನ್ನ ಕೈಗೆ ಹೇಗೆ ಬಂತೋ ನೆನಪಿಲ್ಲ. ಒಳಗೆ ಹೋಗು ಎಂದು ಯಾರೂ ಹೇಳಲಿಲ್ಲ. ಅತ್ತೆ ಬುಟ್ಟಿಯ ಮುಂದೆ ಕುಸಿದು, ಸೀಸೆಯಿದ್ದ ಗೋಣಿತಟ್ಟಿಗೆ ನೀರು ಚಿಮುಕಿಸತೊಡಗಿದರು.

ಇಮ್ರಾನ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಎರಡು ಸಲ ಬೆರಳು ಜಾರಿತು. ಮೂರನೆಯ ಸಲ ಗುಂಡಿ ಕೂತಿತು.