ತಾಯಿಯ ತವರೂರು

ರಮಾಮಣಿಯ ಮನೆಗೆ ಫ್ಯಾಕ್ಸ್ ಮೆಷಿನ್ ಬಂದ ದಿನದಿಂದ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೂ ಮುಂಚೆ ಆಗುತ್ತಿತ್ತು ಎಂದೇನಲ್ಲ. ಫ್ಯಾಕ್ಸ್ ಬಂದ ಮೇಲೆ ಹೊಟ್ಟೆಕಿಚ್ಚಿಗೆ ಒಂದು ನೆಪ ಸಿಕ್ಕಿತು, ಅಷ್ಟೆ.

ಅವಳು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದು ನಾಲ್ಕು ವರ್ಷವಾಗಿತ್ತು. ನಾವು ವೆಸ್ಟ್ ವಿಂಡ್ಸರ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದವರು. ಈ ಕಡೆಯ ಕನ್ನಡದವರಿಗೆ ವೀಸಾ ಫಾರ್ಮ್, ಟ್ಯಾಕ್ಸ್ ಫಾರ್ಮ್, ಏನೇ ಬರಲಿ, ಭಾನುವಾರ ಅದು ನಮ್ಮ ಡೈನಿಂಗ್ ಟೇಬಲ್ಲಿಗೇ ಬರುತ್ತಿತ್ತು. "ನಳಿನಾಕ್ಷಿಯವರನ್ನ ಕೇಳಿ" ಎನ್ನುವುದು ಒಂದು ಮಾತಾಗಿ ಹೋಗಿತ್ತು. ನಾನು ಟ್ರೆಂಟನ್ನಿನ ಒಂದು ಬ್ಯಾಂಕಿನಲ್ಲಿ ಕ್ರೆಡಿಟ್ ಕಾರ್ಡಿನವರ ಫೋನ್ ಎತ್ತುವ ಕೆಲಸದಲ್ಲಿದ್ದೆ. ಫೋನ್ ಮಾಡಿದವರು ನಿಜವಾಗಿ ಕಾರ್ಡಿನ ಯಜಮಾನರೇ ಹೌದೋ ಅಲ್ಲವೋ ಎಂದು ತಿಳಿಯಲು ನಾವು ಒಂದು ಪ್ರಶ್ನೆ ಕೇಳುತ್ತಿದ್ದೆವು: ನಿಮ್ಮ ತಾಯಿಗೆ ಮದುವೆಗೆ ಮುಂಚೆ ಇದ್ದ ಮನೆತನದ ಹೆಸರೇನು?

ನಮ್ಮ ಮೈಸೂರು ಕಡೆ ಹೆಂಗಸರಿಗೆ ಮನೆತನದ ಹೆಸರು ಎಲ್ಲಿಂದ ಬರಬೇಕು? ಮದುವೆಯ ತನಕ ಅಪ್ಪನ ಇನಿಷಿಯಲ್, ಆಮೇಲೆ ಗಂಡನದು. ಅಕೌಂಟ್ ತೆರೆಯಲು ಹೊರಟವರೆಲ್ಲ ಆ ಜಾಗಕ್ಕೆ ಬಂದಾಗ ಪೆನ್ನು ಎತ್ತಿಕೊಂಡು ನನ್ನ ಮುಖ ನೋಡುತ್ತಿದ್ದರು. "ತಾಯಿಯ ತವರೂರು ಬರೀರಿ, ಮರೆಯೋದಿಲ್ಲ" ಎಂದು ನಾನೇ ಹೇಳಿಕೊಟ್ಟಿದ್ದೆ. ಹೀಗೆ ನ್ಯೂಜೆರ್ಸಿಯಲ್ಲಿ ನಮ್ಮವರ ದುಡ್ಡನ್ನೆಲ್ಲ ತಿಪಟೂರು, ನಂಜನಗೂಡು, ಅರಕಲಗೂಡುಗಳು ಕಾಯುತ್ತಿದ್ದವು.

ರಮಾಮಣಿ ಬಂದಳು, ಕೆಲಸವೆಲ್ಲ ಅವಳ ಮನೆಗೆ ಹೋಯಿತು. ಅವಳು ಫಾರ್ಮಿನ ಜೊತೆಗೆ ಊಟವನ್ನೂ ಹಾಕುತ್ತಿದ್ದಳು. ಬಾಯಿ ತುಂಬ ಅಕ್ಕ, ಅಣ್ಣ. ನಾನು ಫಾರ್ಮ್ ತುಂಬಿಸುವಾಗ ಬೈಯುತ್ತಿದ್ದೆ, ಅದು ನಿಜ. ತಪ್ಪು ಬರೆದರೆ ಬೈಯಬೇಡವೇ?

ತೊಂಬತ್ತೊಂದರ ಜನವರಿಗೆ ಹನ್ನೊಂದು ಮನೆಯವರು ಒಟ್ಟಿಗೆ ಬೆಂಗಳೂರಿಗೆ ಹೋಗುವ ಏರ್ಪಾಡೂ ಅವಳದೇ. ಜ್ಯಾಕ್ಸನ್ ಹೈಟ್ಸಿನ ಒಬ್ಬ ಟ್ರಾವೆಲ್ ಏಜೆಂಟನ ಹತ್ತಿರ ಕಾರ್ಡ್ ಉಜ್ಜಿ ಟಿಕೆಟ್ ತೆಗೆದುಕೊಂಡಿದ್ದೆವು. ಅಷ್ಟರಲ್ಲಿ ಕೊಲ್ಲಿಯಲ್ಲಿ ಯುದ್ಧ ಶುರುವಾಗಿ ನಮ್ಮ ವಿಮಾನ ರದ್ದಾಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ವೀರಬಸಮ್ಮನಿಗೆ. ಧಾರವಾಡದ ಹುಡುಗಿ, ಜೆರ್ಸಿ ಸಿಟಿಯ ಆಸ್ಪತ್ರೆಯಲ್ಲಿ ನರ್ಸು, ಒಂಟಿ. ತಂಗಿಯ ಮದುವೆಗೆಂದು ಹೊರಟಿದ್ದಳು. ಅಕ್ಕ ಬರಲಿ ಎಂದು ಮನೆಯವರು ಮದುವೆಯನ್ನೇ ಏಪ್ರಿಲ್‌ಗೆ ಮುಂದೆ ಹಾಕಿದರು. ಅವಳಿಗಿದ್ದದ್ದು ಒಂದೇ ಕಾರ್ಡು, ಅದು ಹಳೆಯ ಟಿಕೆಟಿನಲ್ಲೇ ತುಂಬಿಹೋಗಿತ್ತು. ಕೂಡಿಟ್ಟಿದ್ದ ದುಡ್ಡು ಮದುವೆಯ ಖರ್ಚಿಗೆ ಮೀಸಲು. ರಿಫಂಡ್ ಬಂದರೆ ಮದುವೆಗೆ ಹೋಗುವಳು, ಇಲ್ಲದಿದ್ದರೆ ಇಲ್ಲ.

ಫೆಬ್ರವರಿಯ ಮೊದಲ ಭಾನುವಾರ ರಮಾಮಣಿ ಎಲ್ಲರನ್ನೂ ಊಟಕ್ಕೆ ಕರೆದಳು. ರಿಫಂಡಿನ ಕಚೇರಿಯಿಂದ ಕಾಗದ ಬಂದಿದೆಯಂತೆ. ವೀರಬಸಮ್ಮನಿಗೆ ಆ ದಿನ ಡ್ಯೂಟಿ, ಬಂದಿರಲಿಲ್ಲ. ಚಿತ್ರಾನ್ನದ ತಟ್ಟೆಗಳ ನಡುವೆ ಆ ಕಾಗದ ಕೈಯಿಂದ ಕೈಗೆ ಬಂತು. ಎಲ್ಲರ ಹೆಸರೂ ಟಿಕೆಟ್ ನಂಬರೂ ಸರಿಯಾಗಿದ್ದವು. ವಿಳಾಸದ ಜಾಗದಲ್ಲಿ ಬರೀ ಒಂದು ಪೋಸ್ಟ್ ಬಾಕ್ಸ್, ಒಂದು ಫ್ಯಾಕ್ಸ್ ನಂಬರು. ಕಾರ್ಡಿನ ಎರಡೂ ಬದಿಯ ಜೆರಾಕ್ಸ್, ಸೋಶಿಯಲ್ ಸೆಕ್ಯುರಿಟಿ ನಂಬರ್, ಹುಟ್ಟಿದ ದಿನ, ತಾಯಿಯ ಮನೆತನದ ಹೆಸರು, ಇಷ್ಟನ್ನೂ ಕಳಿಸಬೇಕಂತೆ.

ಓದುತ್ತಿದ್ದ ಹಾಗೇ ನನಗೆ ಗೊತ್ತಾಯಿತು. ಕಾರ್ಡಿನಲ್ಲಿ ಕೊಂಡ ಟಿಕೆಟಿನ ದುಡ್ಡು ಅದೇ ಕಾರ್ಡಿಗೆ ವಾಪಸ್ ಬರಬೇಕು. ಅದಕ್ಕೆ ಟಿಕೆಟ್ ನಂಬರ್ ಸಾಕು. ಟಿಕೆಟ್ ಮಾರುವವನಿಗೆ ನನ್ನ ತಾಯಿ ಯಾರಾದರೇನು? ಆ ಪ್ರಶ್ನೆ ಕೇಳುವುದು ಬ್ಯಾಂಕು, ಅದೂ ನಾವಾಗಿ ಫೋನ್ ಮಾಡಿದಾಗ.

"ಎಲ್ಲಾ ಸರಿಯಾಗಿದೆ ಅಲ್ವಾ?" ಅಡುಗೆಮನೆಯಿಂದ ರಮಾಮಣಿ ಕೇಳಿದಳು. ನನ್ನನ್ನಲ್ಲ, ಹಾಲಿನಲ್ಲಿ ಕೂತಿದ್ದ ಎಲ್ಲರನ್ನೂ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬ್ಯಾಂಕಿನವಳು ಎದುರಿಗೇ ಕೂತಿರುವಾಗ ಊರಿಗೆಲ್ಲ ಕೇಳುತ್ತಾಳಲ್ಲ ಎಂದು ಮೈ ಉರಿಯಿತು. ಕಾಗದವನ್ನು ಪಕ್ಕದಲ್ಲಿದ್ದ ಬದರೀನಾಥರಿಗೆ ದಾಟಿಸಿದೆ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ರಮಾಮಣಿ ನೋಟ್‌ಬುಕ್ ಹಿಡಿದು ಕಾರ್ಪೆಟ್ಟಿನ ಮೇಲೆ ಕೂತಳು. ಒಬ್ಬೊಬ್ಬರೂ ಕಾರ್ಡಿನ ನಂಬರ್ ಓದಿದರು, ಆಮೇಲೆ ತಾಯಿಯ ತವರೂರು. "ನಮ್ಮಮ್ಮಂದು ಕಡೂರು." "ಅಯ್ಯೋ, ನಮ್ಮಜ್ಜಿನೂ ಕಡೂರಿನವರೇ ಅಲ್ವಾ, ಯಾವ ಬೀದಿ?" ಬೀಗದ ಕೈಯನ್ನು ಜೋರಾಗಿ ಕೂಗಿ ಹೇಳಿ, ನೆಂಟಸ್ತನ ಹುಡುಕಿ, ನಕ್ಕು, ಇನ್ನೊಂದು ಸುತ್ತು ಚಿತ್ರಾನ್ನ ಹಾಕಿಸಿಕೊಂಡರು. ನಮ್ಮ ಸರದಿ ಬಂದಾಗ "ನಮ್ಮದನ್ನ ನಾನೇ ನೋಡ್ಕೋತೀನಿ" ಎಂದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ನನ್ನ ಬಿಗುಮಾನ ಅವರಿಗೆ ಹೊಸದಲ್ಲ.

ಕಾರಿನಲ್ಲಿ ದಿವಾಕರ, ನನ್ನ ಯಜಮಾನರು, ಕೇಳಿದರು. "ನೀನು ಏನೋ ಹೇಳೋಕೆ ಹೊರಟು ನುಂಗಿಕೊಂಡೆ. ಏನದು?"

"ಏನಿಲ್ಲ."

"ಆ ಕಾಗದದಲ್ಲಿ ಏನಾದ್ರೂ ಗೋಲ್ಮಾಲ್ ಇದೆಯಾ?"

"ಅವಳು ಜಾಣೆ ಅಲ್ವಾ, ಗೊತ್ತಾಗುತ್ತೆ ಬಿಡಿ. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತೀರಿ."

"ಹೊಟ್ಟೆಕಿಚ್ಚು ಇರೋದೇನೋ ಹೌದಲ್ಲ ಕಣೇ" ಎಂದು ಅವರು ನಕ್ಕರು. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಸಂಜೆ ವೀರಬಸಮ್ಮ ಫೋನ್ ಮಾಡಿದಳು. "ಅಕ್ಕಾರ, ರಮಾಮಣಿ ಅಕ್ಕಾರು ಎಲ್ಲಾ ನಂಬರ್ ಕೇಳ್ಯಾರ್ರಿ. ಕೊಡ್ಲೇನ್ರಿ? ನೀವು ಬ್ಯಾಂಕಿನ್ಯಾಗ ಇರೋರು, ನಿಮ್ಮನ್ನ ಒಂದ್ ಮಾತ್ ಕೇಳಿ ಕೊಟ್ರಾತು ಅಂದ್ಕೊಂಡೆ."

ಹನ್ನೊಂದು ಮನೆಯವರಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಅವಳಿಗಾದರೂ ಹೇಳಬಹುದಿತ್ತು. ಆದರೆ ಹಿಂದಿನ ದಿನದ ಉರಿ ಇನ್ನೂ ಆರಿರಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. "ನನ್ನನ್ನ ಯಾಕಮ್ಮ ಕೇಳ್ತೀಯ? ನಿಮಗೆಲ್ಲ ರಮಾಮಣಿ ಇದ್ದಾಳಲ್ಲ, ಅವಳನ್ನೇ ಕೇಳು" ಎಂದು ಫೋನ್ ಇಟ್ಟುಬಿಟ್ಟೆ.

ಅದೇ ರಾತ್ರಿ ಕೂತು ನಮ್ಮ ಬ್ಯಾಂಕಿಗೆ ಕಾಗದ ಬರೆದೆ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ, ಟಿಕೆಟಿನ ಜೆರಾಕ್ಸ್ ಮಾತ್ರ ಇಟ್ಟು ಕಳಿಸಿದೆ. ಮೂರು ವಾರಕ್ಕೆ ನಮ್ಮ ದುಡ್ಡು ಕಾರ್ಡಿಗೆ ಬಂತು. ಯಾರಿಗೂ ಹೇಳಲಿಲ್ಲ.

ಅದೇ ವಾರ ರಮಾಮಣಿಯ ಫೋನು. ಅವಳ ಕಾರ್ಡಿನಲ್ಲಿ ಯಾರೋ ಎರಡು ಟೀವಿ ಕೊಂಡಿದ್ದರು. ಬದರೀನಾಥರ ಹೆಸರಿನಲ್ಲಿ ಇನ್ನೊಂದು ಕಾರ್ಡ್ ಬೇರೆ ವಿಳಾಸಕ್ಕೆ ಹೋಗಿತ್ತು. ವೀರಬಸಮ್ಮನ ಉಳಿತಾಯದ ಅಕೌಂಟೇ ಖಾಲಿ. ಯಾರೋ ಬ್ಯಾಂಕಿಗೆ ಫೋನ್ ಮಾಡಿ, ಅವಳ ತಾಯಿಯ ತವರೂರು ಹೇಳಿ, ವಿಳಾಸ ಬದಲಾಯಿಸಿ ಎಲ್ಲ ತೆಗೆದಿದ್ದರು. ಏಜೆಂಟನ ಅಂಗಡಿಯ ಕಸದಲ್ಲಿ ಬಿದ್ದಿದ್ದ ಟಿಕೆಟ್, ರಸೀದಿಗಳ ಕಾರ್ಬನ್ ಹಾಳೆಗಳಿಂದ ನಮ್ಮ ಹೆಸರು, ಟಿಕೆಟ್ ನಂಬರುಗಳನ್ನು ಹೆಕ್ಕಿದ್ದರಂತೆ. ಉಳಿದದ್ದನ್ನು ನಮ್ಮವರೇ ಫ್ಯಾಕ್ಸ್ ಮಾಡಿ ಕೊಟ್ಟಿದ್ದರು.

"ನಳಿನಕ್ಕ, ನನಗೆ ಕೈಕಾಲೇ ಆಡ್ತಿಲ್ಲ. ನೀವೇ ಏನಾದ್ರೂ ಮಾಡ್ಬೇಕು" ಎಂದು ರಮಾಮಣಿ ಅತ್ತಳು. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಆದದ್ದು ಖುಷಿ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಆಮೇಲೆ ವೀರಬಸಮ್ಮನ ಹೆಸರು ನೆನಪಾಗಿ ಆ ಖುಷಿ ಅಲ್ಲಿಗೇ ಇಳಿಯಿತು.

ಮೂರು ವಾರ ಹಗಲೂ ರಾತ್ರಿ ದುಡಿದೆ. ಹಳೆಯ ಕಾರ್ಡುಗಳನ್ನು ನಿಲ್ಲಿಸಿದೆ, ಪೊಲೀಸರಿಗೂ ಬ್ಯಾಂಕುಗಳಿಗೂ ದೂರು ಬರೆಸಿದೆ. ತಾಯಿಯ ಊರನ್ನು ತೆಗೆಸಿ ಎಲ್ಲರಿಗೂ ಹೊಸ ಗುಟ್ಟಿನ ಮಾತು ಇಡಿಸಿದೆ. "ಅದೇನು ಅಂತ ನನಗೂ ಹೇಳ್ಬೇಡಿ" ಎಂದು ಗದರಿದೆ. ಡೈನಿಂಗ್ ಟೇಬಲ್ ಮತ್ತೆ ತುಂಬಿತು. ನಾನು ನಾಲ್ಕು ವರ್ಷ ಕಾದದ್ದು ಇದಕ್ಕೇ. ಆದರೆ ವೀರಬಸಮ್ಮನ ದುಡ್ಡಿಗೆ ಮಾತ್ರ ಬ್ಯಾಂಕಿನವರು ಮೂರು ತಿಂಗಳ ವಿಚಾರಣೆ ಎಂದರು. ಮದುವೆಗೆ ಉಳಿದದ್ದು ಮೂರು ವಾರ.

ಯುಗಾದಿಯ ಕಾರ್ಯಕ್ರಮ ಒಂದು ಸ್ಕೂಲಿನ ಹಾಲಿನಲ್ಲಿ. ಬೇವುಬೆಲ್ಲ ಹಂಚಿದ ಮೇಲೆ ಮಾತು ಅಲ್ಲಿಗೇ ಬಂತು. ಬದರೀನಾಥರು ಎದ್ದು ನಿಂತರು. "ತಪ್ಪು ತಿಳೀಬೇಡಿ, ಆವತ್ತು ಆ ಕಾಗದ ನನಗೆ ಕೊಟ್ಟಿದ್ದೇ ನಳಿನಾಕ್ಷಿಯವರು. ಬ್ಯಾಂಕಿನವರಿಗೂ ಗೊತ್ತಾಗಲಿಲ್ವಾ?"

ನಾನು ಬಾಯಿ ಬಿಡುವ ಮುಂಚೆ ರಮಾಮಣಿ ಎದ್ದಳು. "ನಳಿನಕ್ಕ ಆವತ್ತೇ ಅಡುಗೆಮನೆಗೆ ಬಂದು ನನಗೆ ಹೇಳಿದ್ರು, ಇದು ಬೇಡ ಅಂತ. ನಾನೇ ಕೇಳಲಿಲ್ಲ. ತಪ್ಪೆಲ್ಲ ನಂದೇ."

ಶುದ್ಧ ಸುಳ್ಳು. ನಾನು ಅವಳ ಅಡುಗೆಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಗೌರವದಿಂದ ತಲೆಯಾಡಿಸಿದರು. ನನ್ನ ಮಾನವನ್ನೂ ಅವಳೇ ಭಿಕ್ಷೆ ಹಾಕಬೇಕೇ? ತಪ್ಪು ಮಾಡಿ, ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತೂ ನನಗಿಂತ ಎತ್ತರವಾಗಿಬಿಟ್ಟಳಲ್ಲ ಎಂದು ತಡೆಯಲಾಗಲಿಲ್ಲ. ಎದ್ದೆ.

"ನಾನು ಹೇಳಿಲ್ಲ" ಎಂದೆ. "ಮೋಸ ಅಂತ ಓದಿದ ತಕ್ಷಣ ಗೊತ್ತಾಯ್ತು. ಗೊತ್ತಾಗಿಯೂ ಸುಮ್ನಿದ್ದೆ. ವೀರಬಸಮ್ಮ ಫೋನ್ ಮಾಡಿ ಕೇಳಿದಾಗಲೂ ಹೇಳಲಿಲ್ಲ. ರಮಾಮಣಿಗೆ ಅವಮಾನ ಆಗ್ಲಿ ಅಂತ."

ಧರ್ಮಕ್ಕೆ ಹೆದರಿ ಹೇಳಿದೆ ಎಂದು ಯಾರೂ ತಿಳಿಯಬಾರದು. ಸುಮ್ಮನಿರಿಸಿದ್ದೂ ಹೊಟ್ಟೆಕಿಚ್ಚೇ, ಬಾಯಿ ಬಿಡಿಸಿದ್ದೂ ಅದೇ.

ಬದರೀನಾಥರು, "ಅವರನ್ನ ಉಳಿಸೋಕೆ ನೀವು ಇಷ್ಟೆಲ್ಲ ಮೈಮೇಲೆ ಹಾಕ್ಕೋಬೇಡಿ ತಾಯಿ, ನಿಮ್ಮದು ದೊಡ್ಡ ಮನಸ್ಸು" ಎಂದು ಕೈ ಮುಗಿದರು. ಸುತ್ತಲಿನವರೂ ಹೌದು ಹೌದು ಎಂದರು. ವೀರಬಸಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಊಟಕ್ಕೆ ಏಳುವಾಗ ಅವಳ ಹತ್ತಿರ ಹೋದೆ. "ನಿನ್ನ ಟಿಕೆಟ್ ನನ್ನ ಕಾರ್ಡಲ್ಲಿ ತೆಗೆಸ್ತೀನಿ. ನಾಳೇನೇ. ನೀನು ಮದುವೆಗೆ ಹೋಗ್ಬೇಕು" ಎಂದೆ.

"ಟಿಕೀಟು ಆಗೇತ್ರಿ ಅಕ್ಕಾರ. ರಮಾಮಣಿ ಅಕ್ಕಾರು ಮೊನ್ನೆ ತಮ್ಮ ಬಂಗಾರದ ಬಳಿ ಮಾರಿ ತೆಗೆಸಿಕೊಟ್ಟಾರ್ರಿ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿಮ್ಮ ಕಡಿಂದ ನನಗ ರೊಕ್ಕ ಬೇಕಾಗಿರ್ಲಿಲ್ರಿ. ಆವತ್ತ ಫೋನಿನ್ಯಾಗ ಬ್ಯಾಡ ಅಂದಿದ್ರ ಸಾಕಿತ್ತು."

ಅವಳು ತಟ್ಟೆ ಹಿಡಿದುಕೊಂಡು ಮೂಲೆಯ ಟೇಬಲ್ಲಿಗೆ ಹೋದಳು. ಅಲ್ಲಿ ರಮಾಮಣಿ ಒಬ್ಬಳೇ ಕೂತಿದ್ದಳು. ಅವಳು ಸರಿದು ಜಾಗ ಕೊಟ್ಟಳು, ಇವಳು ಪಕ್ಕದಲ್ಲಿ ಕೂತು ತನ್ನ ತಟ್ಟೆಯ ಹೋಳಿಗೆಯಲ್ಲಿ ಅರ್ಧ ಮುರಿದು ಅವಳಿಗೆ ಹಾಕಿದಳು. ಅಷ್ಟೆಲ್ಲ ಆದ ಮೇಲೂ, ಅದನ್ನು ನೋಡುತ್ತ ನನಗೆ ಹೊಟ್ಟೆ ಉರಿಯಿತು.