ಮುನಿರಾಜುವಿನ ಆಟದ ಡಬ್ಬಿ

ಕೆಂಚಪ್ಪ ಟಿವಿಯ ಹಿಂದಕ್ಕೆ ಕೈ ತೂರಿಸಿ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಯಾವುದು ಕೇಬಲ್ಲಿನದು, ಯಾವುದು ತಮ್ಮನ ಆಟದ ಡಬ್ಬಿಯದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಎಪ್ಪತ್ತು ದಾಟಿದ ಜೀವ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು, ಸೊಂಟ ಬಗ್ಗುತ್ತಿರಲಿಲ್ಲ. ಆದರೂ ಈ ಕೆಲಸವನ್ನು ಬೇರೆಯವರ ಕೈಗೆ ಕೊಡಲು ಒಪ್ಪಿರಲಿಲ್ಲ.

"ದೊಡ್ಡಪ್ಪಾ, ಅದು ಸೆಟ್ ಟಾಪ್ ಬಾಕ್ಸ್‌ದು. ಇದು ನೋಡಿ, ಈ ಕರೀದು," ಎಂದಳು ರಮ್ಯ. ಮೂಗು ಒರೆಸಿಕೊಳ್ಳುತ್ತಾ ಆ ವೈರನ್ನು ಎತ್ತಿ ತೋರಿಸಿದಳು.

"ಎಂತದೋ ಕಣಮ್ಮ, ನಂಗೆಲ್ಲಾ ಕರೀದಾಗೇ ಕಾಣ್ತೈತೆ." ಅವನು ಎದ್ದು ನಿಂತು ಉಸಿರು ಬಿಟ್ಟ. "ಹೋಗೋರ ಜೊತೆ ಅವ್ರು ಇಷ್ಟಪಟ್ಟಿದ್ದನ್ನ ಕಳಿಸ್ಬೇಕು. ನಮ್ಮಪ್ಪಂಗೆ ಎಲೆಅಡಿಕೆ ಚೀಲ ಇಟ್ವಿ. ಚಿಕ್ಕಪ್ಪಂಗೆ ಇಸ್ಪೀಟು ಕಟ್ಟನ್ನೇ ಇಟ್ವಿ. ಇಲ್ಲಾಂದ್ರೆ ಆಸೆ ಮನೇಲೇ ಸುತ್ತಾಡ್ತಾ ಇರ್ತೈತೆ. ನಿಮ್ಮಪ್ಪಂಗೆ ಇದು ಬಿಟ್ರೆ ಇನ್ನೇನಿತ್ತು, ನೀನೇ ಹೇಳು."

ರಮ್ಯ ಡಬ್ಬಿಯನ್ನೂ ಎರಡು ಜಾಯ್‌ಸ್ಟಿಕ್ಕುಗಳನ್ನೂ ಸೀರೆ ಅಂಗಡಿಯ ಕವರಿನೊಳಗೆ ಹಾಕಿ ಅವನ ಕೈಗೆ ಕೊಟ್ಟಳು.

ಹೊರಗೆ ಶಾಮಿಯಾನದ ಕೆಳಗೆ, ಗಾಜಿನ ಐಸ್ ಪೆಟ್ಟಿಗೆಯೊಳಗೆ ಮುನಿರಾಜು ಮಲಗಿದ್ದ. ಪಕ್ಕದ ಚಾಪೆಯ ಮೇಲೆ ಹೆಂಗಸರ ನಡುವೆ ಕುಳಿತಿದ್ದ ಅವನ ಹೆಂಡತಿ ಕುಸುಮಾಗೆ ತೆರೆದ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ಆ ಕವರು ಅವಳ ಮುಂದೆಯೇ ಹಾದುಹೋಯಿತು. ಅವಳಿಗೆ ಆ ಡಬ್ಬಿ ಬೇಕಿತ್ತು. ತಾಳಿಗಿಂತ, ಫೋಟೋಗಿಂತ ಹೆಚ್ಚಾಗಿ ಬೇಕಿತ್ತು. ಆದರೆ ಗಂಡನ ಹೆಣ ಬಾಗಿಲಲ್ಲಿರುವಾಗ, ಅರವತ್ತರ ಹತ್ತಿರ ಬಂದ ಹೆಂಗಸು ವಿಡಿಯೋ ಗೇಮ್ ಬೇಕೆಂದು ಬಾಯಿ ಬಿಡುವುದು ಹೇಗೆ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಇವತ್ತೂ ನಾಚಿಕೆಯಾಗುತ್ತದಲ್ಲ ಎಂದು ಇನ್ನಷ್ಟು ಅಳು ಬಂತು.

ಎದುರುಮನೆಯ ಸತ್ಯವತಿ ಅವಳ ಬೆನ್ನು ಸವರಿದಳು. "ಹೋಗ್ಲಿ ಬಿಡು ಕುಸುಮಾ, ಆ ದರಿದ್ರದ್ದು ತೊಲಗ್ಲಿ. ದಿನಾ ಮಧ್ಯಾಹ್ನ ನೀನು ಕೂಗಾಡೋದು ನಮ್ಮನೆಗೇ ಕೇಳ್ತಿತ್ತು. ಪಾಪ, ಕಾಯಿಲೆ ಮನುಷ್ಯನ್ನ ಹಿಂಗೆ ಬೈತಾಳಲ್ಲ ಅಂತ ಒಂದೊಂದ್ಸಲ ಅನ್ಸೋದು. ಏನ್ಮಾಡ್ತೀಯ, ನಿಂಗೂ ಸಾಕಾಗಿತ್ತು."

ಸುತ್ತಲಿನ ಹೆಂಗಸರು ತಲೆಯಾಡಿಸಿದರು. ಹಾಗಾದರೆ ಇಡೀ ಬೀದಿಗೇ ಕೇಳಿಸುತ್ತಿತ್ತು ಎಂದಾಯಿತು. ಕುಸುಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಮುನಿರಾಜು ದೊಡ್ಡ ಆಟಗಾರನೇನಲ್ಲ. ಯಾವ ಆಟವನ್ನೂ ಕೊನೆಯವರೆಗೆ ಗೆದ್ದವನಲ್ಲ, ಗೆಲ್ಲಬೇಕೆಂಬ ಹಟವೂ ಅವನಿಗಿರಲಿಲ್ಲ. ಮೂಡಲಪಾಳ್ಯದ ಹೊಲಗಳೆಲ್ಲ ಸೈಟುಗಳಾದ ಮೇಲೆ ಅಣ್ಣ ಕೆಂಚಪ್ಪ ಬಾಡಿಗೆಮನೆ ಕಟ್ಟಿಸಿದ, ಇವನು ಹಿಟ್ಟಿನ ಗಿರಣಿ ಹಾಕಿದ. ಮದುವೆಯಾದ ಹೊಸತರಲ್ಲಿ ಒಮ್ಮೆ ಗಿರಣಿಗೆ ಬೆಲ್ಟು ತರುತ್ತೇನೆಂದು ಮೆಜೆಸ್ಟಿಕ್ ಕಡೆಗೆ ಹೋದವನು ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಬೆಲ್ಟು ಮರೆತಿದ್ದ.

ಅದರಲ್ಲಿ ಬಾತುಕೋಳಿಗೆ ಗುಂಡು ಹೊಡೆಯುವುದೊಂದು, ಇಟ್ಟಿಗೆ ಗೋಡೆಯ ನಡುವೆ ಟ್ಯಾಂಕು ಓಡಿಸುವುದೊಂದು. ಹಳದಿ ಕ್ಯಾಸೆಟ್ಟನ್ನು ಬಿಚ್ಚಿ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದರೆ ಓಡುತ್ತಿತ್ತು. ಕರೆಂಟು ಹೋದರೆ ಗಿರಣಿಯೂ ನಿಲ್ಲುತ್ತಿತ್ತು, ಆಟವೂ ನಿಲ್ಲುತ್ತಿತ್ತು. ಬಂದ ಕೂಡಲೇ ಅವನು ಮೊದಲು ಓಡುತ್ತಿದ್ದದ್ದು ಟಿವಿಯ ಕಡೆಗೆ. ರಾಗಿ ಬೀಸಿಸಲು ಬಂದವರು ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಒಳಗೆ ಇವನು ಬಾತುಕೋಳಿ ಬೀಳಿಸುತ್ತಿದ್ದ. ಗುಂಡಿಗಳ ಸಂದಿಯಲ್ಲೆಲ್ಲ ಹಿಟ್ಟು. ಕುಸುಮಾ ಆಗ ನಿಜವಾಗಿಯೂ ಬೈಯುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಕಾಲ ಕಳೆದ ಹಾಗೆ ಆಟಗಳು ಬದಲಾದವು. ಸಣ್ಣ ಫೋನಿನಲ್ಲಿ ಹಾವು ಬಂತು. ರಮ್ಯಳ ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಕಾರಿನ ರೇಸು ಬಂತು. ದೊಡ್ಡ ಫೋನಿನಲ್ಲಿ ಬಣ್ಣದ ಮಿಠಾಯಿ ಜೋಡಿಸುವುದು ಬಂತು. ಹೊಸದು ಬಂತೆಂದು ಅವನು ಹಳೆಯದನ್ನು ಬಿಡುತ್ತಿರಲಿಲ್ಲ, ಹಳೆಯದೇ ಚೆಂದವೆಂದು ಹೊಸದನ್ನು ಜರೆಯುತ್ತಲೂ ಇರಲಿಲ್ಲ. ಎಲ್ಲದಕ್ಕೂ ಬೆರಗಾಗುವ ಸ್ವಭಾವ.

"ಲೇ ಕುಸುಮಾ, ಬಾರೇ ಇಲ್ಲಿ! ಇದ್ರಲ್ಲಿ ಮಳೆ ಬಂದ್ರೆ ರೋಡು ಒದ್ದೆ ಆಗ್ತೈತೆ ಕಣೇ! ಕಾರು ಜಾರ್ತೈತೆ!"

"ಹೊರಗೂ ಮಳೆ ಬರ್ತೈತೆ. ಒಣಗಾಕಿರೋ ಬಟ್ಟೆ ತೆಗೀರಿ ಮೊದ್ಲು."

ಬಟ್ಟೆ ತೆಗೆಯುತ್ತಿದ್ದ, ಪಾಪ. ಆದರೆ ಮಹಡಿಯಿಂದ ಇಳಿಯುತ್ತಲೇ ಮತ್ತೆ ಆ ಒದ್ದೆ ರಸ್ತೆಯ ಮಾತು. ಅವನ ಸಂತೋಷಕ್ಕೆ ಜೊತೆ ಬೇಕಿತ್ತು. ಅವಳಿಗೆ ಕೆಲಸವಿತ್ತು, ಮತ್ತು ಅವನೊಡನೆ ಕೂತು ನೋಡಿದರೆ ತಾನು ಸೋತಂತೆ ಎಂಬ ಬಿಗುಮಾನವೂ ಇತ್ತು. ಹಾಗೆಯೇ ಮೂರು ದಶಕ ಸಾಗಿಹೋಯಿತು.

*

ಬಿಸಿಲು ಏರಿತು. ತಮಟೆಯವರು ಬಂದರು, ಚಟ್ಟ ಕಟ್ಟಿದ್ದಾಯಿತು. ಹೆಣವನ್ನು ವ್ಯಾನಿಗೆ ಏರಿಸುವ ಗದ್ದಲದಲ್ಲಿ ಕುಸುಮಾ ಮಗಳ ತೋಳು ಹಿಡಿದು ಮೂಲೆಗೆ ಎಳೆದಳು.

"ರಮ್ಯಾ, ಆ ಡಬ್ಬೀನ ನೀನು ಕೆಂಗೇರಿಗೆ ನಿಮ್ಮನೆಗೆ ತಗೊಂಡೋಗ್ಬಿಡು."

"ನಂಗ್ಯಾಕಮ್ಮ?"

"ಈ ಹೊಸದನ್ನ ನೀನೇ ಕೊಡ್ಸಿದ್ದಲ್ವಾ. ಮಣ್ಣಿಗೆ ಹಾಕೋದು ಯಾಕೆ?"

"ಅಪ್ಪಂಗೆ ಅಂತ ಕೊಡ್ಸಿದ್ದು. ಅಪ್ಪನ ಜೊತೇಲೇ ಹೋಗ್ಲಿ." ರಮ್ಯ ತಾಯಿಯ ಮುಖವನ್ನು ಒಂದು ಕ್ಷಣ ನೋಡಿದಳು. ಅವಳಿಗೂ ಆಯಾಸ, ಅವಳಿಗೂ ಸಿಟ್ಟು. "ಅಷ್ಟಕ್ಕೂ ಅದು ಕಂಡ್ರೆ ನಿಂಗೆ ಆಗ್ತಾನೇ ಇರ್ಲಿಲ್ಲ. ಇವತ್ತೊಂದಿನ ದೊಡ್ಡಪ್ಪ ಹೇಳ್ದಂಗೆ ಆಗ್ಲಿ ಬಿಡಮ್ಮ."

ಮಗಳ ಮಾತು ಸುಳ್ಳಲ್ಲ. ಅವಳು ಕಂಡ ತಾಯಿ ಅಂಥವಳೇ. ಕುಸುಮಾ ಇನ್ನೊಂದು ಮಾತು ಹುಡುಕುವಷ್ಟರಲ್ಲಿ ಯಾರೋ "ವ್ಯಾನ್ ಹೊರಡ್ತೈತೆ, ಬೇಗ ಬೇಗ" ಎಂದು ಕೂಗಿದರು. ಪುರಿಯೂ ಚೆಂಡುಹೂವೂ ರಸ್ತೆಯ ಮೇಲೆ ಬಿದ್ದವು. ಹಿಂದೆ ನಿಂತಿದ್ದ ಬಸ್ಸಿನ ಡ್ರೈವರು ಹಾರನ್ ಒತ್ತದೆ ಕಾದ. ಕೆಂಚಪ್ಪ ವ್ಯಾನಿನೊಳಗೆ ತಮ್ಮನ ತಲೆಯ ಬಳಿ ಕೂತು ಕವರನ್ನು ತೊಡೆಯ ಮೇಲಿಟ್ಟುಕೊಂಡ. ಎದುರಿಗೆ ಕುಸುಮಾ. ದಾರಿಯುದ್ದಕ್ಕೂ ಅವಳು ನೋಡಿದ್ದು ಆ ಕವರನ್ನೇ.

*

ಮುನಿರಾಜುವಿನ ಕಿಡ್ನಿ ಕೆಟ್ಟ ಮೇಲೆ ಗಿರಣಿ ಮಾರಿದರು. ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆಂದು ಆಸ್ಪತ್ರೆ, ಉಳಿದ ದಿನ ಮಂಚ. ಸೂಜಿ ಚುಚ್ಚುವ ಎಡಗೈಯ ನರ ಹಗ್ಗದಂತೆ ಉಬ್ಬಿತ್ತು. ಕುಡಿಯುವ ನೀರಿಗೂ ಕಟ್ಟುಪಾಡು. ಒಂದು ಭಾನುವಾರ ಅಳಿಯ ರೇವಂತ್‌ನೂ ರಮ್ಯಳೂ ಬಂದು ಹೊಸ ಡಬ್ಬಿಯನ್ನು ಟಿವಿಗೆ ಜೋಡಿಸಿ, ಆಡುವುದನ್ನು ಹೇಳಿಕೊಟ್ಟು ಹೋದರು.

ಅದರಲ್ಲಿ ಅವನಿಗೆ ಬಲು ಮೆಚ್ಚಿಕೆಯಾದದ್ದು ಒಂದು ಹೋಟೆಲಿನ ಆಟ. ಗಿರಾಕಿಗಳು ಕೇಳಿದ್ದನ್ನು ಹೆಚ್ಚಿ, ಬೇಯಿಸಿ, ತಟ್ಟೆಗೆ ಹಾಕಿ ಕೊಡಬೇಕು. ತಡವಾದರೆ ಗಿರಾಕಿ ಎದ್ದುಹೋಗುತ್ತಾನೆ, ಒಲೆ ಮರೆತರೆ ಬೆಂಕಿ ಹತ್ತುತ್ತದೆ. ಜೀವಮಾನದಲ್ಲಿ ಒಂದು ಲೋಟ ಕಾಫಿ ಕಾಸಿದವನಲ್ಲ, ಇಡೀ ಹೋಟೆಲಿಗೆ ಬೆಂಕಿ ಇಡುತ್ತಿದ್ದ.

"ಬೆಳಗಿಂದ ಬೇಯಿಸಿದ್ದು ಸಾಲ್ದು ಅಂತ ಟಿವೀಲೂ ಅಡುಗೆನಾ?" ಎಂದು ಗೊಣಗುತ್ತಲೇ ಕುಸುಮಾ ಸೊಪ್ಪು ಬಿಡಿಸುತ್ತಿದ್ದಳು. ಆದರೆ ಕಣ್ಣೆದುರಿಗೆ ಪಾತ್ರೆ ಸೀಯುತ್ತಿರುವಾಗ ಸುಮ್ಮನಿರುವುದು ಅವಳ ಜಾಯಮಾನವಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ, "ಕೊಡ್ರೀ ಇಲ್ಲಿ," ಎಂದು ಇನ್ನೊಂದು ಜಾಯ್‌ಸ್ಟಿಕ್ಕು ಎತ್ತಿಕೊಂಡಳು.

ತಿಂಗಳೊಳಗೆ ಅವಳೇ ಆ ಅಡುಗೆಮನೆಯ ಯಜಮಾನಿ. "ಈರುಳ್ಳಿ ಹೆಚ್ರೀ! ಅಯ್ಯೋ, ಸೀದೋಯ್ತಲ್ರೀ! ಎಷ್ಟು ಹೇಳಿದ್ರೂ ಗೊತ್ತಾಗಲ್ಲ ನಿಮ್ಗೆ! ತಟ್ಟೆ ತೊಳೀರಿ, ತಟ್ಟೆ!" ಅವನು ನಗುತ್ತಾ ನಗುತ್ತಾ ಕೆಮ್ಮುತ್ತಿದ್ದ. ಮದುವೆಯಾದ ಮೇಲೆ ಅವನು ತಟ್ಟೆ ತೊಳೆದದ್ದು ಅದರಲ್ಲೇ ಮೊದಲು. ಬಾಗಿಲು ಬಡಿದ ಸದ್ದಾದರೆ ಮಾತ್ರ ಅವಳು ಜಾಯ್‌ಸ್ಟಿಕ್ಕನ್ನು ದಿಂಬಿನಡಿಗೆ ತುರುಕಿ ಮೊರ ಎಳೆದುಕೊಳ್ಳುತ್ತಿದ್ದಳು.

"ಹೇಳಿದ್ರೆ ಏನಾಗ್ತೈತೆ ಈಗ?" ಎಂದು ಅವನು ಕೇಳಿದ್ದ.

"ಸುಮ್ನಿರಿ. ಈ ವಯಸ್ಸಲ್ಲಿ ಆಡಿಕೊಂಡು ನಗ್ತಾರೆ."

ಹಾಗೆ ಒಂದೊಂದೇ ಹೋಟೆಲು ದಾಟಿ ಕೊನೆಯದಕ್ಕೆ ಬಂದಿದ್ದರು. ಅದು ಹಡಗಿನ ಮೇಲಿನ ಅಡುಗೆಮನೆ. ಅಲೆ ಬಂದಾಗಲೆಲ್ಲ ಒಲೆಯೂ ಮೇಜೂ ಅತ್ತಿಂದಿತ್ತ ಜಾರುತ್ತಿದ್ದವು. ಮೊನ್ನೆ ಸಂಜೆ ಅದರಲ್ಲಿ ಮತ್ತೆ ಸೋತರು. ಅವನಿಗೆ ದಣಿವಾಗಿತ್ತು. "ನಾಳೆ ನೋಡ್ಕೊಳೋಣ ಬಿಡೇ," ಎಂದು ಗೋಡೆ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು.

*

ಅವರ ಮಸಣ ಜ್ಞಾನಭಾರತಿಯ ಆಚೆ ಇತ್ತು. ಜೆಸಿಬಿ ತೆಗೆದ ಗುಂಡಿಯ ಅಂಚುಗಳು ಚೊಕ್ಕವಾಗಿದ್ದವು. ಜನ ನೆರಳು ಹುಡುಕಿಕೊಂಡು ಹೊಂಗೆ ಮರದ ಕೆಳಗೆ ಗುಂಪಾದರು. ಯಾರಿಗೂ ಹೆಚ್ಚು ಅಳುವ ಶಕ್ತಿ ಉಳಿದಿರಲಿಲ್ಲ. ಒಬ್ಬರು ಉಪ್ಪಿನ ಚೀಲ ಬಿಚ್ಚುತ್ತಿದ್ದರು, ಇನ್ನೊಬ್ಬರು ಮಜ್ಜಿಗೆ ಪ್ಯಾಕೆಟ್ಟು ಹಂಚುತ್ತಿದ್ದರು.

ಹೆಣವನ್ನು ಗುಂಡಿಯ ಪಕ್ಕ ಇಳಿಸಿದರು. ಗಂಟಿಟ್ಟುಕೊಂಡು ಹೋಗಬಾರದು ಎಂಬುದು ಅವರ ಪದ್ಧತಿ. ಕೆಂಚಪ್ಪ ಮಂಡಿಯೂರಿ ತಮ್ಮನ ಕಾಲ್ಬೆರಳಿಗೆ ಕಟ್ಟಿದ ದಾರ ಬಿಚ್ಚಿದ, ಉಡಿದಾರ ಕತ್ತರಿಸಿದ, ಕೈಹೆಬ್ಬೆರಳುಗಳ ಗಂಟು ಸಡಿಲಿಸಿದ. ಆಮೇಲೆ ಕವರಿನಿಂದ ಡಬ್ಬಿಯನ್ನು ತೆಗೆದು ಎದೆಯ ಮೇಲಿಟ್ಟ. ಕೈ ಹಾಕಿದರೆ ಜಾಯ್‌ಸ್ಟಿಕ್ಕು ಎರಡಿದ್ದವು. ಅವನು ಎರಡನ್ನೂ ತಿರುಗಿಸಿ ನೋಡಿದ. ಮನುಷ್ಯನಿಗೆ ಕೈ ಎರಡು, ಇದೂ ಎರಡು; ಅವನಿಗೆ ಸರಿಯಾಗಿಯೇ ಕಂಡಿತು. ಬಲಗೈಗೆ ಒಂದನ್ನು ಇಟ್ಟ. ನರ ಉಬ್ಬಿದ ಎಡಗೈಯನ್ನು ಮೆಲ್ಲಗೆ ಬಿಡಿಸಿ ಇನ್ನೊಂದನ್ನು ಇಟ್ಟ.

"ಭಾವ, ಅದ್ರಲ್ಲಿ ಒಂದು ಅವರದಲ್ಲ."

ದನಿ ಯಾರದೆಂದು ಕುಸುಮಾಗೇ ಒಂದು ಕ್ಷಣ ತಿಳಿಯಲಿಲ್ಲ. ಕೆಂಚಪ್ಪ ತಲೆಯೆತ್ತಿದ.

"ಮತ್ತೆ ಯಾರ್ದಮ್ಮ?"

"ಎಡಗೈಲಿರೋದು ನಂದು."

ಮರದ ಕೆಳಗಿದ್ದವರು ಹತ್ತಿರ ಬಂದರು. ರಮ್ಯ ತಿರುಗಿ ನೋಡಿದಳು. ಇನ್ನು ನುಂಗಿಕೊಳ್ಳಲು ಕುಸುಮಾಗೆ ಆಗಲಿಲ್ಲ.

"ನಾನೂ ಆಡ್ತಿದ್ದೆ ಭಾವ. ದಿನಾ ಮಧ್ಯಾಹ್ನ ಇಬ್ರೂ ಆಡ್ತಿದ್ವಿ. ನಾನು ಕೂಗ್ತಿದ್ದಿದ್ದು ಅದಕ್ಕೆ. ಅವರನ್ನ ಬೈತಿರ್ಲಿಲ್ಲ..." ಅವಳು ತಡೆದಳು. "ಬೈತಿದ್ದೆ. ಸೀಯಿಸ್ತಾರೆ ಅಂತ ಬೈತಿದ್ದೆ. ಅವ್ರು ನಗೋರು. ನಂಗೆ ಆ ಡಬ್ಬೀನೂ ಬೇಕು. ಇನ್ನೂ ಒಂದು ಹೋಟ್ಲು ಬಾಕಿ ಐತೆ."

ಹಿಂದೆ ಯಾರೋ ನಕ್ಕು, ನಗುವನ್ನು ಕೆಮ್ಮು ಮಾಡಿಕೊಂಡರು. ಕುಸುಮಾ ಕೇಳಿಸಿಕೊಂಡಳು. ಕೇಳಿಸಿಕೊಂಡೂ ತಲೆ ತಗ್ಗಿಸಲಿಲ್ಲ.

ಸತ್ಯವತಿಯ ಮುಖ ಇಳಿದಿತ್ತು. ಆದರೂ ಅಭ್ಯಾಸಬಲದಿಂದ ಬಾಯಿ ಹಾಕಿದಳು. "ಹೆಣದ ಮೇಲಿಟ್ಟಿದ್ದನ್ನ ಹಂಗೇ ಮನೆಗೆ ತರಬಾರ್ದು ಕಣಮ್ಮ. ತೊಳೆದಾದ್ರೂ ತರ್ಬೇಕು."

"ತೊಳೆದ್ರೆ ಕೆಟ್ಟೋಗುತ್ತೆ ಆಂಟಿ," ಎಂದಳು ರಮ್ಯ. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬಂದು ತಾಯಿಯ ಪಕ್ಕ ನಿಂತಳು. "ದೊಡ್ಡಪ್ಪಾ, ಕೊಟ್ಬಿಡಿ ಅಮ್ಮಂಗೆ. ನಂಗೆ ಗೊತ್ತಿರ್ಲಿಲ್ಲ."

ಕೆಂಚಪ್ಪ ತಮ್ಮನ ಎರಡು ಕೈಗಳನ್ನೂ ನೋಡಿದ. "ನಂಗೇನು ಗೊತ್ತಮ್ಮ," ಎಂದ. "ಕೈಗೊಂದು ಅಂದ್ಕೊಂಡೆ." ಎದೆಯ ಮೇಲಿದ್ದ ಡಬ್ಬಿಯನ್ನೂ ಎಡಗೈಯಲ್ಲಿದ್ದುದನ್ನೂ ತೆಗೆದು, ಟವೆಲಿನಿಂದ ಒರೆಸಿ ಅವಳಿಗೆ ಚಾಚಿದ. "ಇನ್ನೊಂದು ಅವನ ಹತ್ರ ಇರ್ಲಾ?"

"ಇರ್ಲಿ ಭಾವ. ಅದು ಅವರದೇ."

"ಒಂದನ್ನೇ ಎರಡು ಕೈಲಿ ಹೆಂಗಮ್ಮ ಹಿಡ್ಕೋತಿದ್ದ? ನಂಗೆ ಬರಲ್ಲ. ತೋರ್ಸು."

ಕುಸುಮಾ ಡಬ್ಬಿಯನ್ನು ರಮ್ಯಳ ಕೈಗೆ ಕೊಟ್ಟು, ತನ್ನ ಜಾಯ್‌ಸ್ಟಿಕ್ಕನ್ನು ಎರಡೂ ಕೈಯಿಂದ ಹೊಟ್ಟೆಯ ಮುಂದೆ ಹಿಡಿದಳು. "ಹಿಂಗೆ. ಹೆಬ್ಬೆರಳು ಎರಡೂ ಮೇಲೆ ಬರ್ಬೇಕು."

ಕೆಂಚಪ್ಪ ಅವಳ ಕೈಯನ್ನೇ ನೋಡುತ್ತ ತಮ್ಮನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಬಲಗೈ ಕೂತಿತು. ಎಡಗೈಯ ಹೆಬ್ಬೆರಳು ಎರಡು ಸಲ ಜಾರಿತು. ಅವಳು ಬಗ್ಗಿ, ಅವನಿಗೆ ಸರಿಯಾಗಿ ಕಾಣಲೆಂದು ಕೈಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಆ ಬೆರಳು ಜಾಯ್‌ಸ್ಟಿಕ್ಕಿನ ಗುಂಡಿಯ ಮೇಲೆ ನಿಲ್ಲುವವರೆಗೂ ಹಾಗೆಯೇ ಹಿಡಿದು ನಿಂತಿದ್ದಳು.