ಪಂದ್ಯದ ದಿನಕ್ಕೆಂದು ಎತ್ತಿಟ್ಟದ್ದು

"ಎಲ್ಲಿ ಹೋಯ್ತಪ್ಪಾ ಅದು?"

ಕೇಳಿದ್ದು ಹುಲ್ಲನ್ನೋ ದೇವರನ್ನೋ, ಬೆಳ್ಳಿ ಪಾಲಿಶ್ ಅಂಗಡಿಯವನಿಗೇ ತಿಳಿಯದು. ಹಾಕಿ ಮೈದಾನದಲ್ಲಿ ಮೊಣಕಾಲೂರಿ ಎರಡೂ ಅಂಗೈಯಿಂದ ನೆಲ ಸವರುತ್ತಿದ್ದ. ಅಂಚಿನ ಬೆಂಚಿನ ಮೇಲೆ ಅವನ ಮಗಳು ಗುಬ್ಬಿ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ಗೆಳತಿಯ ಕೋಲು ಮೇಲೆದ್ದು ಅವಳ ಮುಂದಿನ ಹಲ್ಲನ್ನು ಬುಡಸಮೇತ ಹಾರಿಸಿತ್ತು.

"ಬೇಗ ಹುಡುಕಿ! ತಕ್ಷಣ ಹೋದ್ರೆ ವಾಪಸ್ ಕೂರಿಸ್ತಾರೆ," ಎಂದರು ಕೋಚ್ ಟೀಚರ್. "ಇವಳ ಮೌತ್ ಗಾರ್ಡ್ ಎಲ್ಲ್ರೀ? ಅದಿಲ್ದೆ ಕಳಿಸ್ಬೇಡಿ ಅಂತ ಗಂಟಲು ಹರ್ಕೊಂಡಿದ್ದೆ."

ಹಲ್ಲು ಕಾಯುವ ಆ ರಬ್ಬರ್ ಕವಚ ಮನೆಯ ಗಾಜಿನ ಕಪಾಟಿನಲ್ಲಿ ಭದ್ರವಾಗಿತ್ತು. ಊರಿನ ದೊಡ್ಡಮನೆಗಳ ಬೆಳ್ಳಿಯನ್ನೆಲ್ಲ ಬೆಳಗುವ ಕೈ ಅವನದು. ಒಳ್ಳೆಯ ಸಾಮಾನು ನೆಂಟರು ಬಂದಾಗ ಮಾತ್ರ ಹೊರಬರುತ್ತದೆಂಬುದು ಅವನು ಕಂಡುಂಡ ಧರ್ಮ. "ಬರೀ ಪ್ರ್ಯಾಕ್ಟೀಸಿಗೆ ಯಾಕೆ ಸವೆಸ್ತೀಯ ಪುಟ್ಟಾ? ಪಂದ್ಯದ ದಿನ ಹಾಕ್ಕೊಳ್ಳುವಂತೆ," ಎಂದು ತಾನೇ ಎತ್ತಿಟ್ಟಿದ್ದ. ಕೋಲಿಗೇನು ಗೊತ್ತು, ಯಾವುದು ಅಭ್ಯಾಸ ಯಾವುದು ಪಂದ್ಯ ಎಂದು?

ಕೊನೆಗೂ ಹಲ್ಲು ಕೈಗೆ ತಗುಲಿತು. ಮಣ್ಣು, ರಕ್ತ, ಅಂಟಿಕೊಂಡ ಹುಲ್ಲಿನ ಎಸಳು. ಈ ಕೊಳೆಯನ್ನು ಮಗುವಿನ ಬಾಯಿಗೆ ಹೇಗೆ ಇಡುವುದು? ಅಂಗಡಿ ರಸ್ತೆಯಾಚೆಯೇ ಇತ್ತು. ಓಡಿದ. ಸಾಬೂನು ನೀರು, ಸಣ್ಣ ಬ್ರಷ್ಷು. ಬುಡದಿಂದ ತುದಿಯವರೆಗೆ ತಿಕ್ಕಿದ. ಯಾವ ಕಪ್ಪು ತಾನೇ ಅವನ ಕೈಗೆ ಸೋಲದೆ ಉಳಿದಿತ್ತು? ಫಳಫಳ ಹೊಳೆಯುವಂತಾದ ಮೇಲೆ ಒರೆಸಿ, ಒಣ ಹತ್ತಿಯಲ್ಲಿ ಮುತ್ತಿನಂತೆ ಸುತ್ತಿದ.

ಟ್ಯಾಕ್ಸಿಯಲ್ಲಿ ಗುಬ್ಬಿ ಟವೆಲ್ಲಿನೊಳಗಿಂದಲೇ ಕೇಳಿದಳು: "ಅಪ್ಪಾ, ನನ್ನ ಬೊಚ್ಚುಬಾಯಿ ಅಂತಾರಾ?"

"ಯಾವನಂತಾನೆ? ಅವನ ಹಲ್ಲು ಉದುರಿಸ್ತೀನಿ!" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವಳಿಗೆ ಅಷ್ಟು ನೋವಿನಲ್ಲೂ ನಗು ಬಂತು. ನಕ್ಕಾಗ ಟವೆಲ್ ಇನ್ನಷ್ಟು ಕೆಂಪಾಯಿತು.

ಹಲ್ಲಿನ ಡಾಕ್ಟರಮ್ಮ ಹತ್ತಿ ಬಿಡಿಸಿ ನೋಡಿದರು. "ಇದನ್ನ ತೊಳೆದ್ರಾ?"

"ತಿಕ್ಕಿ ತೊಳ್ದಿದೀನಿ ಡಾಕ್ಟ್ರೇ. ಒಂದು ಕಲೆ ಇಲ್ಲ, ನೋಡಿ."

ಅವರು ಕಣ್ಣುಮುಚ್ಚಿ ಉಸಿರೆಳೆದುಕೊಂಡರು. "ಬುಡದ ಮೇಲೆ ತೆಳ್ಳಗೆ ಪೊರೆ ಇರುತ್ತೆ. ಅದರಲ್ಲಿ ಜೀವ ಇರುತ್ತೆ. ಹಲ್ಲು ಮತ್ತೆ ಕಚ್ಚಿಕೊಳ್ಳೋದು ಅದರಿಂದಲೇ. ಹಾಗೇ ಹಾಲಲ್ಲಿ ಹಾಕಿ ತಂದಿದ್ರೆ ಸಾಕಿತ್ತು. ನೀವು ಅದನ್ನೇ ಉಜ್ಜಿ ತೆಗೆದುಬಿಟ್ಟಿದ್ದೀರ."

"ಹಾಗಾದ್ರೆ... ಕೂರಲ್ವಾ?"

"ಕೂರಿಸ್ತೀನಿ. ಆದ್ರೆ ಬಾಳಿಕೆ ಬರೋದು ಕಷ್ಟ. ಬುಡ ಒಳಗೊಳಗೇ ಕರಗ್ತಾ ಹೋಗುತ್ತೆ. ಕೆಲವು ವರ್ಷ, ಅಷ್ಟೇ. ಹಾಲುಹಲ್ಲಲ್ಲ ಇದು, ಮತ್ತೆ ಹುಟ್ಟಲ್ಲ."

ಕಪಾಟಿಗಿಟ್ಟದ್ದೂ ಇದೇ ಕೈ, ತಿಕ್ಕಿದ್ದೂ ಇದೇ ಕೈ. ಕುರ್ಚಿಯಲ್ಲಿ ಒರಗಿದ್ದ ಗುಬ್ಬಿ ಕಣ್ಣು ಕುಕ್ಕುವ ದೀಪದಡಿಯಿಂದ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಏನಾದರೂ ಮಾಡುತ್ತಾನೆ ಎಂಬ ನೋಟ.

ಅವನು ಡಾಕ್ಟರಮ್ಮನ ಪಕ್ಕ ಬಗ್ಗಿ, ತನ್ನ ತುಟಿಯನ್ನು ಬೆರಳಿಂದ ಮೇಲೆತ್ತಿ ಮುಂದಿನ ಹಲ್ಲು ತೋರಿಸಿದ.

"ಇದು ಕಲ್ಲಿನ ಹಾಗಿದೆ ನೋಡಿ. ಕಿತ್ತು ಅವಳಿಗೆ ಹಾಕಿಬಿಡಿ. ಇಂಜೆಕ್ಷನ್ನೂ ಬೇಡ ನಂಗೆ."

"ಆಗಲ್ಲ."

"ಒಂದೇ ರಕ್ತ ಅಲ್ವಾ ತಾಯೀ, ಹೊಂದುತ್ತೆ. ಕಾಲಿಗೆ ಬೀಳ್ತೀನಿ. ಒಂದ್ಸಲ ಹಾಕಿ ನೋಡಿ..."

"ಹಾಕಲ್ಲ ಅಂದ್ರೆ ಹಾಕಲ್ಲ. ಕೈ ತೆಗೀರಿ, ಆಚೆ ಹೋಗಿ ಕೂತ್ಕೊಳ್ಳಿ."